ಅಳತೆಯ ರೊಟ್ಟಿ

ವಾರಕ್ಕೊಂದು ಆಯ್ತಾರ ಎಲ್ಲರಿಗೂ ಬರುತ್ತದೆ. ಆದರೆ ಟಿಕೋಟದ ಬಡಿಗ ಮೌಲಾಸಾಬ "ಬರೂ ಆಯ್ತಾರ ಬಂದುಬಿಡ್ತೀನ್ರಿ ಮಾಸ್ತರ" ಎಂದು ಹೇಳುತ್ತಿದ್ದ ಆಯ್ತಾರ ಯಾವ ಪಂಚಾಂಗದಲ್ಲಿಯೂ ಇರಲಿಲ್ಲ. ಗುರಲಿಂಗಪ್ಪ ಮಾಸ್ತರರು ಆ ಆಯ್ತಾರಕ್ಕಾಗಿ ಕಾದು ಕಾದು ಹಣ್ಣಾಗಿದ್ದರು. ಒಮ್ಮೆ ತಾವೇ ಬಸ್ಸು ಹತ್ತಿ ಟಿಕೋಟಕ್ಕೆ ಹೋದರೆ, "ಅವ ಕಳ್ಳಕವಟಗಿಗೆ ಚಕ್ಕಡಿ ಮಾಡಾಕ ಹೋಗ್ಯಾನ್ರಿ" ಎಂದರು. ಹಟ ಹಿಡಿದು ಕಳ್ಳಕವಟಗಿಗೆ ಹೋದರೆ, "ಈಗರ ಟಿಕೋಟಕ್ಕ ಹೋದ್ನ್ರಿ" ಎಂದರು. (ತಪಸ್ಸು ಮಾಡಿದರೆ ದೇವರು ಸಿಗುತ್ತಾನಂತೆ. ಕೆಲಸ ಒಪ್ಪಿಕೊಂಡ ಬಡಿಗ ಸಿಗಲು ಯಾವ ತಪಸ್ಸು ಮಾಡಬೇಕೋ ಯಾವ ಶಾಸ್ತ್ರದಲ್ಲೂ ಬರೆದಿಲ್ಲ.)

ಇತ್ತ ವಿಜಾಪುರದ ಜಲನಗರದಲ್ಲಿ, ಮಾಸ್ತರರ ಮನೆಯ ಪಡಸಾಲೆಯಲ್ಲಿ, ಸಾಗವಾನಿ ಹಲಗೆಗಳು ಗೋಡೆಗೆ ಒರಗಿ ನಿಂತು ಧೂಳು ಕುಡಿಯುತ್ತಿದ್ದವು. ಬಬಲೇಶ್ವರದ ಮಾವ ಬಸಗೊಂಡಪ್ಪನವರು ತಮ್ಮ ಮನೆಯ ಹಳೆಯ ಅಟ್ಟ ಬಿಚ್ಚಿಸಿ, ಮಗಳ ಅಡುಗೆಮನೆಗೆ ಒಂದು ಕಪಾಟು ಆಗಲಿ ಎಂದು ಚಕ್ಕಡಿಯಲ್ಲಿ ಹೇರಿ ಕಳಿಸಿದ ಹಲಗೆಗಳು ಅವು. ಹಲಗೆಯ ಜೊತೆ ಒಂದು ಅಪ್ಪಣೆಯೂ ಬಂದಿತ್ತು: "ಇದು ನಮ್ಮ ಮುತ್ಯಾನ ಕಾಲದ ಕಟಗಿ. ಮೌಲಾಸಾಬನ ಕೈ ಬಿಟ್ಟು ಇನ್ನೊಬ್ಬರ ಕೈ ಹತ್ತಬಾರದು."

ಶಾಲೆಗೆ ದೀಪಾವಳಿಯ ಸೂಟಿ ಶುರುವಾದ ದಿನ ಹೆಂಡತಿ ನೀಲಾಬಾಯಿ ರೊಟ್ಟಿ ಬಡಿಯುತ್ತ ಸುದ್ದಿ ಹೇಳಿದಳು.

"ಹಬ್ಬ ಆದ ಮ್ಯಾಲಿನ ಆಯ್ತಾರ ಅಪ್ಪಾ ಅವ್ವಾ ಬರಾಕತ್ತಾರ. ಕಪಾಟು ಹ್ಯಾಂಗ ಆಗೈತಿ ನೋಡಬೇಕಂತ."

"ಹೌದೇನು?" ಎಂದ ಮಾಸ್ತರರು ಚಹಾದ ಬಸಿ ಕೆಳಗಿಟ್ಟರು. ಅವರಿಗೆ ಒಂದು ವಿಚಾರ ಹೊಳೆದಿತ್ತು. ಅವರಿಗೆ ವಿಚಾರ ಹೊಳೆದಾಗಲೆಲ್ಲ ಮೂಗಿನ ತುದಿ ಕೆಂಪಾಗುತ್ತದೆ. ನೀಲಾಬಾಯಿ ಅದನ್ನು ನೋಡಿಯೇ ಹೆದರಿದಳು.

"ಕಪಾಟು ನಾನಾ ಮಾಡ್ತೀನಿ."

ನೀಲಾಬಾಯಿ ಹಿಟ್ಟಿನ ಮುದ್ದೆ ಕೈಯಲ್ಲಿ ಹಿಡಿದೇ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಹೋದ ವರ್ಷ ದೇವರ ಫೋಟೋಕ್ಕ ಒಂದು ಮೊಳಿ ಹೊಡದ್ರಿ. ಮೊಳಿ ಬಾಜೂ ಮನ್ಯಾಗ ಹೊಂಟತು. ಅವರು ಅದಕ್ಕ ಕ್ಯಾಲೆಂಡರ ತೂಗ ಹಾಕ್ಯಾರ."

"ಅದು ಗ್ವಾಡಿ ತಪ್ಪು. ಇಪ್ಪತ್ತು ವರ್ಷ ಭೂಮಿತಿ ಕಲಿಸೀನಿ ನಾ. ಕಪಾಟು ಅಂದ್ರ ಏನು? ನಾಕು ಆಯತ, ಎರಡು ಬಾಜೂ, ಒಂದೀಟು ಮೊಳಿ!"

"ಮತ್ತ ಹಲಗಿ ಕೆಟ್ರ? ನಮ್ಮಪ್ಪ ನಿಮಗೇನೂ ಅನ್ನಂಗಿಲ್ಲ. ಅಳಿಯಾ ಅಂತ ಸುಮ್ಮ ಕುಂಡ್ರತಾನ. ಅನ್ನೂದೆಲ್ಲಾ ನನಗ. ಅವನ ಮುಂದ ನಾ ಮಾರಿ ಎಲ್ಲಿಡ್ಲಿ?"

ಈ ಮಾತು ಮಾಸ್ತರರಿಗೆ ನಾಟಿತು. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಡಬ್ಬಿಗಳೆಲ್ಲ ಮಂಚದ ಕೆಳಗೇ ಇದ್ದವು, ಅವಳು ತನಗಾಗಿ ಬೇಕೆಂದು ಬಾಯಿ ಬಿಟ್ಟು ಕೇಳಿದ್ದು ಈ ಕಪಾಟು ಒಂದೇ. ಆದರೆ ಹೆಂಡತಿಯ ಮುಂದೆ ಆಡಿದ ಮಾತನ್ನು ಮರಳಿ ನುಂಗುವುದು ಬಿಸಿ ಮುದ್ದೆ ನುಂಗಿದಂತೆ. ಅವರು ಛತ್ರಿ ಎತ್ತಿಕೊಂಡು ಸ್ಟೇಷನ್ ರಸ್ತೆಗೆ ನಡೆದರು.

ಗರಗಸ, ಉಳಿ, ಸುತ್ತಿಗೆ, ಮೊಳೆ, ಕಿವಿಗೆ ಸಿಕ್ಕಿಸಿಕೊಳ್ಳಲು ಒಂದು ಪೆನ್ಸಿಲು, ಇಷ್ಟನ್ನು ತಂದರು. ಟೇಪು ತರಲಿಲ್ಲ. ಅಂಗಡಿಯಲ್ಲಿದ್ದದ್ದು ಬರೀ ಇಂಚಿನ ಟೇಪು. ದಶಮಾನ ಪದ್ಧತಿ ಬಂದು ಇಷ್ಟು ಕಾಲವಾದ ಮೇಲೂ ಇಂಚು ಮಾರುವವನ ಕೂಡ ತಾನು ವ್ಯವಹಾರ ಮಾಡುವುದಿಲ್ಲ ಎಂದು ಅಂಗಡಿಯ ಮೆಟ್ಟಿಲ ಮೇಲೆ ನಿಂತು ಒಂದು ಸಣ್ಣ ಭಾಷಣ ಮಾಡಿ ಬಂದಿದ್ದರು.

"ಹಂಗಾರ ಹಲಗಿ ಎಷ್ಟು ಅಗಲ ಕೊಯ್ತೀರಿ?" ಎಂದು ನೀಲಾಬಾಯಿ ಕೇಳಿದಳು.

"ನಿನಗೆಷ್ಟು ಬೇಕು? ಸೆಂಟಿಮೀಟರದಾಗ ಹೇಳು."

"ಸೆಂಟಿಮೀಟರ ತಗೊಂಡು ಒಲ್ಯಾಗ ಹಾಕ್ರಿ. ನಮ್ಮವ್ವನ ರೊಟ್ಟಿ ಹಲಗಿ ಮ್ಯಾಲೆ ಆರಾಮ ಕುಂಡ್ರಬೇಕು. ಹಿಂದ ನಾಕು ಬಟ್ಟು ಗಾಳಿ ಆಡಬೇಕು. ನನಗ ಅಷ್ಟ ತಿಳಿತೈತಿ."

ಮಾಸ್ತರರ ಮೂಗು ಮತ್ತೆ ಕೆಂಪಾಯಿತು. ಅತ್ತೆ ಗೌರಾಬಾಯಿಯವರ ಕಡಕ ರೊಟ್ಟಿ ಬಬಲೇಶ್ವರದಲ್ಲೆಲ್ಲ ಹೆಸರಾದದ್ದು. ಬುಟ್ಟಿಗಟ್ಟಲೆ ಬಡಿದು ಒಣಗಿಸಿ ಕಳಿಸಿದರೂ ಒಂದರ ಮೇಲೊಂದು ಇಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ, ಕೈವಾರ ಹಿಡಿದು ಕೊರೆದಂಥ ವೃತ್ತಗಳು. ಕಪಾಟು ಇರುವುದು ರೊಟ್ಟಿಗಾಗಿ ಎಂದಮೇಲೆ ರೊಟ್ಟಿಯೇ ಏಕೆ ಅಳತೆಗೋಲು ಆಗಬಾರದು? ಅವರು ಬುಟ್ಟಿಯಿಂದ ಒಂದು ಕಡಕ ರೊಟ್ಟಿ ಆರಿಸಿ, ಇದಕ್ಕೆ ಯಾರೂ ಕೈ ಹಚ್ಚಬಾರದು ಎಂದು ಘೋಷಿಸಿ, ಇಲಿ ಮುಟ್ಟದಂತೆ ಒಂದು ಡಬ್ಬಿಯಲ್ಲಿ ಇಟ್ಟರು. ಇಲಿಯಿಂದ ಕಾದರು, ಇರುವೆಯಿಂದ ಕಾದರು, ಹೆಂಡತಿಯಿಂದಲೂ ಕಾದರು. ಒಬ್ಬರಿಂದ ಮಾತ್ರ ಕಾಯಲು ಮರೆತರು.

ಮೊದಲ ಹಲಗೆಗೆ ರೊಟ್ಟಿ ಇಟ್ಟು, ಅದರ ಹಿಂದೆ ನಾಲ್ಕು ಬೆರಳಿಟ್ಟು, ಗೆರೆ ಎಳೆದು ಕೊಯ್ದರು. ಸಾಗವಾನಿ ಮರ ಕೊಯ್ಯುವುದೆಂದರೆ ಏಳನೆಯ ಇಯತ್ತೆಗೆ ಪ್ರಮೇಯ ಕಲಿಸಿದಷ್ಟೇ ಕಷ್ಟ. ಕೊಯ್ದು ಮುಗಿಯುವಷ್ಟರಲ್ಲಿ ಹೊಟ್ಟೆ ಹಸಿದು ಕಣ್ಣು ಮಂಜಾಯಿತು. ರೊಟ್ಟಿ ಎತ್ತಿಡಲು ಹೋದರೆ ಅಂಚು ಚಟ್ಟನೆ ಒಂದಿಷ್ಟು ಮುರಿಯಿತು. ಅನ್ನಕ್ಕೆ ಸಮನಾದದ್ದನ್ನು ನೆಲಕ್ಕೆ ಚೆಲ್ಲುವುದುಂಟೇ? ಶೇಂಗಾ ಹಿಂಡಿಯ ಚಟ್ನಿಪುಡಿ ಹಚ್ಚಿಕೊಂಡು ಬಾಯಿಗೆ ಹಾಕಿಕೊಂಡರು.

ಆದರೆ ಈಗ ರೊಟ್ಟಿ ಸೊಟ್ಟಾಯಿತು. ಬೇರೆ ಯಾರಾದರೂ ಇದ್ದರೆ ಹಾಗೇ ಬಿಡುತ್ತಿದ್ದರು. ಇವರು ಭೂಮಿತಿಯ ಮಾಸ್ತರರು! ವೃತ್ತ ಎಂದಮೇಲೆ ವೃತ್ತವಾಗಿರಬೇಕು. ಸುತ್ತಲೂ ಸಮನಾಗಿ, ಎಡಕ್ಕೊಂದು ತುತ್ತು ಬಲಕ್ಕೊಂದು ತುತ್ತು ಎಂದು ಕಡಿದು ಮತ್ತೆ ದುಂಡಗೆ ಮಾಡಿ, ತೃಪ್ತಿಯಿಂದ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿದರು. ಮರುದಿನ ಎರಡನೆಯ ಹಲಗೆ, ಅದೇ ಹಸಿವು, ಅದೇ ಹಿಂಡಿ, ಅದೇ ದುಂಡು. ಹೀಗೆ ದಿನಕ್ಕೊಂದು ಹಲಗೆ ಸಾಗಿತು. ವೃತ್ತ ಕೊನೆಯವರೆಗೂ ವೃತ್ತವಾಗಿಯೇ ಇತ್ತು, ತ್ರಿಜ್ಯದ ಕಡೆಗೆ ಅವರ ಲಕ್ಷ್ಯ ಹೋಗಲಿಲ್ಲ. ನಾಲ್ಕನೆಯ ಹಲಗೆಯ ಹೊತ್ತಿಗೆ ರೊಟ್ಟಿ ಹಪ್ಪಳವಾಗಿತ್ತು.

ಶನಿವಾರ ಮಾಸ್ತರರು ಹಲಗೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಕೆಳಗಿನದು ಅಗಲ, ಅದರ ಮೇಲಿನದು ಅದಕ್ಕಿಂತ ಸಣ್ಣದು, ಎಲ್ಲಕ್ಕೂ ಮೇಲಿನದರಲ್ಲಿ ಒಂದು ಚಹಾದ ಕಪ್ಪು ಕೂತರೆ ಅದರ ಬಸಿಗೆ ಜಾಗವಿಲ್ಲ. ಕಪಾಟು ಮಾಡಲು ಹೋಗಿ ಮೆಟ್ಟಿಲು ಮಾಡಿದ್ದರು.

ನೀಲಾಬಾಯಿ ಡಬ್ಬಿ ತೆರೆದು ಉಳಿದ ರೊಟ್ಟಿಯನ್ನು ಎತ್ತಿ ಹಿಡಿದಳು. "ಇದೇನ್ರಿ?"

"ಇಲಿ ತಿಂದಿರಬೇಕು."

"ಇಲಿ ಕೈವಾರ ಹಿಡಕೊಂಡು ತಿಂದಾವೇನು? ಮ್ಯಾಲೆ ಹಿಂಡೀನೂ ಹಚಕೊಂಡಾವ!"

ಮಾಸ್ತರರ ಮೀಸೆಯಲ್ಲಿ ಹಿಂಡಿಯ ಪುಡಿ ಇನ್ನೂ ಇತ್ತು. ಅವರು ತಲೆ ತಗ್ಗಿಸಿದರು. ನೀಲಾಬಾಯಿ ಬೈಯಲಿಲ್ಲ. ಹಲಗೆಯ ಮೇಲೆ ಕೈಯಾಡಿಸಿ, "ಮುತ್ಯಾನ ಕಟಗಿ…" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಬೈದಿದ್ದರೆ ಎಷ್ಟೋ ಛಲೋ ಇತ್ತು. ಮಾಸ್ತರರಿಗೆ ತಮ್ಮ ಜನ್ಮಕ್ಕೆ ಬೆಂಕಿ ಬೀಳಲಿ ಎನ್ನಿಸಿತು. ಮಧ್ಯಾಹ್ನದ ಊಟ ಬಿಟ್ಟು (ರೊಟ್ಟಿಯ ಮುಖ ನೋಡುವ ಧೈರ್ಯವೂ ಇರಲಿಲ್ಲ), ಎರಡೂ ಬಾಜೂ ಹಲಗೆಗಳನ್ನು ಓರೆಯಾಗಿ ಕೊಯ್ದು, ಹೇಗೋ ಮೊಳೆ ಜಡಿದು, ಆ ಮೆಟ್ಟಿಲನ್ನೇ ಅಡುಗೆಮನೆಯಲ್ಲಿ ಒಲೆಯ ಬಾಜೂಕ ನಿಲ್ಲಿಸಿದರು. ಬಾಗಿಲು ಹಚ್ಚುವ ಮಾತೇ ಇರಲಿಲ್ಲ. ನೀಲಾಬಾಯಿ ಡಬ್ಬಿಗಳನ್ನು ಜೋಡಿಸಿದಳು, ದೊಡ್ಡವು ಕೆಳಗೆ, ಸಣ್ಣವು ಮೇಲೆ.

ಆಯ್ತಾರ ಬೆಳಿಗ್ಗೆ ಬಬಲೇಶ್ವರದ ಬಸ್ಸು ಬಂತು. ಬಸಗೊಂಡಪ್ಪನವರ ಕಂಕುಳಲ್ಲಿ ಒಂದು ಗಂಟು; ದೀಪಾವಳಿಯ ಉಡುಗೊರೆ, ಅಳಿಯಂದಿರ ತಲೆಗೆ ಕಟ್ಟಲು ಜರಿ ಅಂಚಿನ ಹೊಸ ಪಟಕಾ. ಅವರು ಚಪ್ಪಲಿ ಬಿಟ್ಟವರೇ ನೇರ ಅಡುಗೆಮನೆಗೆ ನಡೆದು ಕಪಾಟಿನ ಮುಂದೆ ನಿಂತರು. ಮೀಸೆಯ ಒಂದು ತುದಿ ತಿರುವಿದರು. ಇನ್ನೊಂದು ತುದಿ ತಿರುವಿದರು. ಮಾಸ್ತರರಿಗೆ ಒಂದೊಂದು ತುದಿಗೂ ಒಂದು ಯುಗ ಕಳೆಯಿತು.

"ಇದು ಯಾರ ಕೈಕೆಲಸ ಅಳಿಯಂದ್ರ?"

ಆ ಕ್ಷಣಕ್ಕೆ ಮಾಸ್ತರರ ಸತ್ಯವ್ರತ ಕಿಟಕಿಯಿಂದ ಹಾರಿ ಹೋಯಿತು. "ಮೌಲಾಸಾಬಂದ್ರಿ ಮಾವಾರ. ನೀವು ಹೇಳಿದ್ರೆಲ್ಲ, ಮತ್ತ್ಯಾರ ಕೈ ಹತ್ತಬಾರದು ಅಂತ."

ನೀಲಾಬಾಯಿ ಗಂಡನನ್ನು ಒಮ್ಮೆ ನೋಡಿ, ಮುಖ ತಿರುಗಿಸಿ ಒಲೆ ಊದಿದಳು.

ಗೌರಾಬಾಯಿಯವರು ಅಳಿಯನ ಮುಂದೆ ತುಂಬ ಸೆರಗು ಹೊದ್ದು ನಿಲ್ಲುವವರು, ಅಳಿಯನ ಕೂಡ ಏನಿದ್ದರೂ ಮಗಳ ಮೂಲಕವೇ ಮಾತು. ಗಂಡಸರು ಪಡಸಾಲೆಗೆ ಸರಿದ ಮೇಲೆ ಅವರು ಮಣೆ ಹಾಕಿಕೊಂಡು ಅಡುಗೆಗೆ ಕುಳಿತರು. ಅವರಿಗೆ ಒಂದು ರೂಢಿ ಇತ್ತು. ಊರಿನ ಮನೆಯಲ್ಲಿ ಕೆಳಗಿನ ಹಲಗೆಗೆ ಬಗ್ಗಿ ಡಬ್ಬಿ ತೆಗೆದು ಮೇಲೇಳುವಾಗ ಮೇಲಿನ ಹಲಗೆಯ ಅಂಚು ಹೊಡೆದು ಹೊಡೆದು ನೆತ್ತಿಗೆ ಬುಗುಟು ಕಟ್ಟಿತ್ತು. ಅದಕ್ಕೇ ಏಳುವಾಗ ಎಡಗೈಯಿಂದ ನೆತ್ತಿ ಮುಚ್ಚಿಕೊಂಡೇ ಏಳುತ್ತಿದ್ದರು. ಇಲ್ಲಿಯೂ ಹಿಟ್ಟಿನ ಡಬ್ಬಿ ತೆಗೆದು ನೆತ್ತಿ ಮುಚ್ಚಿಕೊಂಡು ಎದ್ದರು. ಏನೂ ಬಡಿಯಲಿಲ್ಲ. ಸಂಶಯ ಬಂದು ಮತ್ತೊಮ್ಮೆ ಬಗ್ಗಿ ಎದ್ದರು. ಮೂರನೆಯ ಸಲ ಕೈ ತೆಗೆದೇ ಎದ್ದರು.

"ನೀಲವ್ವಾ!" ಎಂದು ಒಳಗಿನಿಂದ ಕೂಗು ಬಂತು. "ನಿಮ್ಮಪ್ಪನ್ನ ಕರಿಯಬೇ! ನನ್ನ ತಲಿಗೆ ಹಲಗಿ ಬಡೀಲಿಲ್ಲ!"

ಬಸಗೊಂಡಪ್ಪನವರು ಬಂದರು, ಹಿಂದೆ ಬೆವರುತ್ತ ಮಾಸ್ತರರು. "ನೋಡ್ರಿ, ಮ್ಯಾಲಿನ ಹಲಗಿ ಹಿಂದ ಹಿಂದ ಸರದಾವ. ಕುಂತಲ್ಲೇ ಉಪ್ಪಿನ ಡಬ್ಬಿ ಕಾಣತೈತಿ, ಜೀರಗಿ ಡಬ್ಬಿ ಕಾಣತೈತಿ. ಒಂದೂ ಹಿಂದ ಅಡಗಿ ಕುಂಡ್ರೂದಿಲ್ಲ," ಎಂದು ಗೌರಾಬಾಯಿ ಸೆರಗಿನ ಒಳಗಿನಿಂದಲೇ ವರದಿ ಒಪ್ಪಿಸಿದರು. ಬಸಗೊಂಡಪ್ಪನವರು ತಾವೂ ಮಣೆಯ ಮೇಲೆ ಕುಳಿತು, ಕೆಳಗಿನ ಹಲಗೆಯೊಳಗೆ ತಲೆ ಹಾಕಿ, ಎದ್ದರು. ತಲೆಯ ಮೇಲಿನ ಪಟಕಾ ಅಳ್ಳಾಡಲಿಲ್ಲ.

"ಭಲೇ!" ಎಂದು ತೊಡೆ ತಟ್ಟಿದರು. "ಇಷ್ಟು ವರ್ಷದಾಗ ಯಾವ ಬಡಿಗನರ ಹೆಣ್ಮಕ್ಕಳ ತಲಿ ಬಗ್ಗೆ ವಿಚಾರ ಮಾಡ್ಯಾನೇನು? ನಮ್ಮ ಮುತ್ಯಾನ ಕಟಗಿ ಉದ್ಧಾರ ಆತು ನೋಡು ನೀಲಾ."

ನೀಲಾಬಾಯಿಯ ಮುಖ ಅರಳಿತು. ಅದನ್ನು ನೋಡಿ ಮಾಸ್ತರರಿಗೆ ಹೊತ್ತ ಮೂಟೆಯನ್ನು ಇಳಿಸಿದಷ್ಟು ಹಗುರಾಯಿತು. ಅಷ್ಟಕ್ಕೇ ಸುಮ್ಮನಿದ್ದರೆ ಮನುಷ್ಯ ಸುಖಿ. ಆದರೆ ಹೊಗಳಿಕೆ ತನ್ನ ಮನೆಯಂಗಳದಲ್ಲೇ ಬಂದು ನಿಂತಿರುವಾಗ ಅದನ್ನು ಟಿಕೋಟಕ್ಕೆ ಕಳಿಸುವುದು ಯಾರಿಗೆ ಸಾಧ್ಯ?

"ಮಾವಾರ," ಎಂದು ಗಂಟಲು ಸರಿಪಡಿಸಿಕೊಂಡರು, "ಖರೇ ಹೇಳಬೇಕಂದ್ರ, ಇದನ್ನ ನಾನಾ ಮಾಡೀನ್ರಿ."

ಬಸಗೊಂಡಪ್ಪನವರು ಕನಿಕರದಿಂದ ನೋಡಿದರು. "ಅಳಿಯಂದ್ರ, ನೀವು ಸಾಲಿ ಕಲಿಸವರು. ದುಡದವನ ಹೆಸರು ಕಸಗೋಬಾರದು."

"ಇಲ್ರಿ, ಖರೇ! ನೀಲಾ, ನೀನರ ಹೇಳು!"

"ಮೌಲಾಸಾಬ ಅಂತ ನೀವಾ ಹೇಳಿದ್ರೆಲ್ಲ," ಎಂದಳು ನೀಲಾಬಾಯಿ, ರೊಟ್ಟಿ ತಿರುವಿ ಹಾಕುತ್ತ.

ಅದೇ ಹೊತ್ತಿಗೆ ಬಾಗಿಲಲ್ಲಿ ಕೆಮ್ಮು ಕೇಳಿಸಿತು. "ಶರಣ್ರೀ ಮಾಸ್ತರ. ಹೇಳಿದ್ನೆಲ್ಲ, ಆಯ್ತಾರ ಬರ್ತೀನಿ ಅಂತ." ಹೆಗಲ ಮೇಲೆ ಹತಾರದ ಚೀಲ ಹೊತ್ತು ಮೌಲಾಸಾಬ ನಿಂತಿದ್ದ. ಪಂಚಾಂಗದಲ್ಲಿ ಇಲ್ಲದ ಆಯ್ತಾರ ಕಡೆಗೂ ಬಂದಿತ್ತು, ಬರಬಾರದ ಗಳಿಗೆಗೆ.

ಬಸಗೊಂಡಪ್ಪನವರು ಅವನ ಕೈ ಹಿಡಿದು ಒಳಗೆ ಕರೆತಂದು ಕಪಾಟಿನ ಮುಂದೆ ನಿಲ್ಲಿಸಿದರು. "ಇಂಥಾ ಕೆಲಸ ಮಾಡಿ ಮೂಲ್ಯಾಗ ಅಡಗಿ ಕುಂತೀಯಲ್ಲೋ ಮಾರಾಯಾ!" ಎಂದು ಗಂಟು ಬಿಚ್ಚಿ ಜರಿ ಅಂಚಿನ ಪಟಕಾ ತೆಗೆದರು. "ಅಳಿಯಂದ್ರ, ನೀವು ಟೊಪಗಿ ಹಾಕವರು. ಇದು ಇವನ ತಲಿಗೆ ಒಪ್ಪತೈತಿ." ಮೌಲಾಸಾಬ ಕಪಾಟನ್ನು ನೋಡಿದ, ಮಾಸ್ತರರನ್ನು ನೋಡಿದ, ಪಟಕಾ ನೋಡಿದ. ಆಮೇಲೆ ವಿನಯದಿಂದ ತಲೆ ಬಗ್ಗಿಸಿದ. "ಎಲ್ಲಾ ಮ್ಯಾಲಿನವನ ದಯಾ ರೀ ಧಣಿ."

"ಬರೂ ಆಯ್ತಾರ ಬಬಲೇಶ್ವರಕ್ಕ ಬಂದು ನಮ್ಮ ಮನ್ಯಾಗೂ ಹಿಂತಾದ್ದ ಒಂದು ಮಾಡಿಕೊಡಬೇಕು," ಎಂದು ಅಪ್ಪಣೆಯಾಯಿತು.

ಅಂಗಳಕ್ಕೆ ಬಂದ ಮೇಲೆ ಮೌಲಾಸಾಬ ಮಾಸ್ತರರನ್ನು ಬೇವಿನ ಗಿಡದ ಮರೆಗೆ ಎಳೆದ. "ಮಾಸ್ತರ, ಇದು ನನ್ನ ಕೈಕೆಲಸ ಅಲ್ಲ. ಆದ್ರ ಕಟ್ಟಿದ ಪಟಕಾ ಬಿಚ್ಚಿದ್ರ ಧಣಿಗೆ ಅಪಮಾನ ರೀ. ಈ ಹಿಂದ ಸರಿಯೂ ಲೆಕ್ಕ ಹ್ಯಾಂಗ ಹಿಡದ್ರಿ? ನನಗ ತಿಳೀವಲ್ದು."

"ಅದನ್ನ ಹೇಳಾಕ ಬರಂಗಿಲ್ಲ," ಎಂದರು ಮಾಸ್ತರರು, ಮೀಸೆ ಒರೆಸಿಕೊಂಡು.

"ಹಂಗಾರ ನೀವಾ ಬರ್ರಿ. ನೀವು ಮಾಡ್ರಿ, ನಾ ಬಾಜೂಕ ನಿಂದರ್ತೀನಿ. ಪಟಕಾ ನನ್ನ ತಲಿ ಮ್ಯಾಲ ಇರತೈತಿ."

ಹೀಗಾಗಿ ಮುಂದಿನ ಆಯ್ತಾರ ಗುರಲಿಂಗಪ್ಪ ಮಾಸ್ತರರು ತಮ್ಮ ಗರಗಸ ಹೊತ್ತು, ತಮ್ಮದೇ ಕಪಾಟಿನ ನಕಲು ಮಾಡಲು, ಬೇರೆಯವನ ಹೆಸರಿನಲ್ಲಿ ಬಬಲೇಶ್ವರಕ್ಕೆ ಹೊರಟರು. ಆ ಆಯ್ತಾರ ಮಾತ್ರ ಮೌಲಾಸಾಬ ಹೊತ್ತು ಮೂಡುವ ಮುಂಚೆಯೇ ಬಾಗಿಲಲ್ಲಿ ಹಾಜರಾಗಿದ್ದ. ನೀಲಾಬಾಯಿ ಹೊಸ್ತಿಲ ತನಕ ಬಂದು ಗಂಡನ ಕೈಯಲ್ಲಿ ಒಂದು ಡಬ್ಬಿ ಇಟ್ಟಳು. ಒಳಗೆ ಒಂದು ಇಡೀ ಕಡಕ ರೊಟ್ಟಿ, ಮೇಲೆ ಶೇಂಗಾ ಹಿಂಡಿಯ ಪೊಟ್ಟಣ.

"ಸುತ್ತಲೂ ಸಮಾ ಕಡೀರಿ," ಎಂದಳು, ನಗು ತಡೆದುಕೊಳ್ಳುತ್ತ. "ನಮ್ಮವ್ವನ ನೆತ್ತಿಗೆ ಮೊದಲಾ ಬುಗುಟು ಐತಿ. ಕಡೀ ಹಲಗಿಗೆ ಒಂದು ತುತ್ತು ಜಾಸ್ತೀನ ತಿನ್ರಿ."