ಡಬ್ಬಿಯಲ್ಲಿ ಬಂದ ಬೆಕ್ಕಿನ ಸಮಾಚಾರ

ಕೋಲಾರದ ಸುತ್ತಮುತ್ತ ದನದ ಡಾಕ್ಟರಾಗಿ ಇಷ್ಟು ವರ್ಷ ಕಳೆದ ಮೇಲೂ ನನ್ನನ್ನು ನಗಿಸುವುದು ಬೆಕ್ಕು ಸಾಕಿದವರೇ. ಬೆಕ್ಕು ತನ್ನ ಕಾಯಿಲೆಯನ್ನೂ ಕಕ್ಕವನ್ನೂ ಒಟ್ಟಿಗೇ ಮಣ್ಣಿನಲ್ಲಿ ಮುಚ್ಚಿಡುವ ಪ್ರಾಣಿ. ಅದಕ್ಕೇ ಬಂದವರಿಗೆಲ್ಲ, "ಒಂದಿಷ್ಟು ಡಬ್ಬೀಲಿ ಹಾಕ್ಕೊಂಡು ಬನ್ನಿ" ಅನ್ನುತ್ತೇನೆ. ಪಜೀತಿ ಶುರುವಾಗುವುದು ಅಲ್ಲಿಂದ.

ಗೇಟಿನಲ್ಲಿ

ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ, ಶಿಫ್ಟ್ ಮುಗಿಸಿ ನೇರ ನನ್ನ ಬಳಿ ಬರೋಣವೆಂದು ಬೆಳಿಗ್ಗೆಯೇ ಡಬ್ಬಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಕಂಪನಿ ಬಸ್ಸು ಹತ್ತಿದ್ದಳು. ಗೇಟಿನಲ್ಲಿ ಸೆಕ್ಯುರಿಟಿಯವನು, "ಡಬ್ಬೀಲಿ ಏನಮ್ಮಾ?" ಎಂದ.

"ತೆಗೀಬೇಡ ಬಿಡಣ್ಣ."

ಬೇಡ ಎಂದರೆ ಬಿಡುವವನು ಸೆಕ್ಯುರಿಟಿ ಹೇಗಾದಾನು? ಮುಚ್ಚಳ ತೆಗೆದು ಮೂಸಿಯೂ ನೋಡಿದ.

ಸಂಜೆ ನಾನು ನೋಡಿದಾಗ ಕಂದು ಬಣ್ಣ, ಹದವಾದ ಗಟ್ಟಿ, ಏನೂ ತೊಂದರೆ ಇರಲಿಲ್ಲ. "ಬೆಕ್ಕು ಚೆನ್ನಾಗಿದೆ, ಇನ್ನು ಡಬ್ಬಿ ಬೇಡಮ್ಮ" ಎಂದೆ.

"ಖಾಲಿ ಡಬ್ಬಿನಾದ್ರೂ ದಿನಾ ತಗೊಂಡ್ ಹೋಗ್ತೀನಿ ಸಾರ್. ಬರೋವಾಗ ಅವ್ನು ನನ್ ಬ್ಯಾಗೇ ಮುಟ್ಲಿಲ್ಲ!"

ಫ್ಯಾಟು

ಹೋಳೂರಿನ ತಾತನಿಗೆ ದಿನವೂ ಡೈರಿಗೆ ಹಾಲು ಹಾಕಿ ಅಭ್ಯಾಸ. ನಾನು ಸೂಕ್ಷ್ಮದರ್ಶಕದಿಂದ ತಲೆಯೆತ್ತಿದ ತಕ್ಷಣ, "ಫ್ಯಾಟ್ ಎಷ್ಟು ಬಂತು ಸಾರ್?" ಎಂದ.

ನಗು ತಡೆದುಕೊಂಡೆ. ಆದರೆ ತಾತ ಕೇಳಿದ್ದು ಸರಿಯಾಗಿಯೇ ಇತ್ತು. ಕಕ್ಕ ಬಿಳಿಚಿಕೊಂಡು ಜಿಡ್ಡು ಜಿಡ್ಡಾಗಿತ್ತು. "ಜಾಸ್ತೀನೇ ಐತೆ ತಾತ. ಇದಕ್ಕೆ ಯಾರು ಕೆನೆ ಹಾಕ್ತಿರೋದು?"

ತಾತ ನಿಧಾನವಾಗಿ, ಜೊತೆಗೆ ಬಂದಿದ್ದ ಹೆಂಡತಿಯ ಕಡೆ ತಿರುಗಿದ. "ಡೈರೀಲಿ ನಮ್ ಹಾಲ್ಗೆ ಫ್ಯಾಟ್ ಇಲ್ಲ ಇಲ್ಲ ಅಂತಿದ್ರಲ್ಲೇ, ಎಲ್ಲಿತ್ತು ನೋಡು!"

ಸುಗಟೂರಿನ ಪರೀಕ್ಷೆ

ಸುಗಟೂರಿನ ರೇಷ್ಮೆ ಬೆಳೆಗಾರರ ಮನೆಯ ಅತ್ತೆ ಸೊಸೆ ಡಬ್ಬಿ ಹಿಡಿದು, ಬೆಕ್ಕನ್ನೂ ಚೀಲದಲ್ಲಿ ಕಟ್ಟಿಕೊಂಡೇ ಬಂದರು. ಕಕ್ಕದಲ್ಲಿ ಬಿಳಿ ಹುಳ ಹರಿದಾಡಿದ್ದನ್ನು ಅತ್ತೆ ಕಂಡಿದ್ದರು.

"ದೇವುಡಾ! ಅನ್ನ ಕೊಡೋ ರೇಷ್ಮೆ ಹುಳಾನೇ ನುಂಗೈತೆ. ನೀವು ಹೂಂ ಅನ್ನಿ, ಹಿಂಗೇ ಮುಳಬಾಗಿಲು ಬಸ್ ಹತ್ಸಿ ಆ ಕಡೆ ಬಿಟ್ ಬರ್ತೀನಿ."

"ಹುಳದ ಮನೆಗೆ ಅದು ಕಾಲೇ ಇಟ್ಟಿಲ್ಲ ಸಾರ್" ಎನ್ನುವಾಗ ಸೊಸೆಯ ಕಣ್ಣು ತುಂಬಿತ್ತು. ಅಂಗೈಯಗಲದ ಮರಿಯಿಂದ ಸಾಕಿದವಳು ಅವಳೇ. ನನಗೂ ಪಾಪ ಅನ್ನಿಸಿತು.

ಡಬ್ಬಿ ತೆಗೆದೆ. ಅಕ್ಕಿಕಾಳಿನಂಥ ಬಿಳಿ ತುಂಡುಗಳು. "ಇದು ಹೊಟ್ಟೆಯ ಲಾಡಿಹುಳ ಕಣಮ್ಮಾ. ಇಲಿ ಹಿಡಿದು ತಿನ್ನೋ ಬೆಕ್ಕಿಗೆ ಬರುತ್ತೆ. ನಿಮ್ಮ ರೇಷ್ಮೆ ಹುಳಕ್ಕೆ ಬಾಯಿ ಹಾಕೋ ಇಲೀನ ಇದು ಮುಗಿಸ್ತಾ ಐತೆ. ಮಾತ್ರೆ ಕೊಡ್ತೀನಿ, ಹುಷಾರಾಗುತ್ತೆ."

ಸೊಸೆ ಆಗಲೇ ಚೀಲದ ಗಂಟು ಬಿಚ್ಚುತ್ತಿದ್ದಳು. ಆಗ ನೋಡಿದೆ, ಡಬ್ಬಿಯ ಒಳಗೆಲ್ಲ ಹಸಿರು ಚೂರು. "ಇದೇನಮ್ಮ ಸೊಪ್ಪು?"

ಅತ್ತೆ ಸೆರಗು ಸರಿ ಮಾಡಿಕೊಂಡರು. "ಹಿಪ್ಪುನೇರಳೆ ಸಾರ್. ಹೆಂಗೂ ಜೀವ ಐತಲ್ಲ, ತಿಂದು ಗೂಡು ಕಟ್ಟಿದ್ರೆ ಕಟ್ಲಿ ಅಂತ..."

ಬೆಕ್ಕನ್ನು ಎದೆಗವಚಿಕೊಂಡ ಸೊಸೆ ಸುಮ್ಮನಿರಲಿಲ್ಲ. "ಎಳೇ ಹುಳ ಅಂತ ಎಳೇ ಸೊಪ್ಪೇ ಕುಯ್ದು, ಸಣ್ಣಗೆ ಹೆಚ್ಚಿ ಹಾಕವ್ರೆ ಸಾರ್!"