ಅತ್ತೆಯ ಅಳತೆ ಜಂಪರು

ನಮ್ಮ ಸೋದರತ್ತೆಗೆ ಅರವತ್ತನಾಲ್ಕನೆಯ ವಯಸ್ಸಿನವರೆಗೆ ಸೈಜೇ ಇರಲಿಲ್ಲ! ನಗಬೇಡಿ, ನಿಮ್ಮ ಮನೆಯ ಹಿರಿಯ ಹೆಂಗಸರನ್ನೂ ಕೇಳಿ ನೋಡಿ. ಜೀವಮಾನವಿಡೀ ಸೀರೆ ಉಟ್ಟವರಿಗೆ ಸೈಜು ಎಲ್ಲಿಂದ ಬರಬೇಕು? ಮೈ ಬಂದರೆ ಎರಡು ನಿರಿಗೆ ಕಡಿಮೆ, ಮೈ ಇಳಿದರೆ ಎರಡು ನಿರಿಗೆ ಜಾಸ್ತಿ, ಅಷ್ಟೇ.

ಅತ್ತೆ ಮೂವತ್ತೈದು ವರ್ಷ ಪಿ.ಟಿ. ಟೀಚರ್ ಆಗಿದ್ದವರು. ಜೇವರ್ಗಿ, ಯಡ್ರಾಮಿ, ಅಫಜಲಪುರ, ಹೋದಲ್ಲೆಲ್ಲ ಸೀರೆಯುಟ್ಟೇ ಹುಡುಗಿಯರಿಗೆ ಖೋಖೋ ಕಲಿಸಿದರು. ಸೆರಗು ಸಿಗಿಸಿ ಸೀಟಿ ಊದಿದರೆಂದರೆ ಮೈದಾನದಾಚೆ ಮೇಯುವ ಎಮ್ಮೆಗಳೂ ಸಾಲಿಗೆ ಬಂದು ನಿಲ್ಲುತ್ತಿದ್ದವಂತೆ! ಮದುವೆ ಮಾಡಿಕೊಳ್ಳಲಿಲ್ಲ. ನಿವೃತ್ತಿಯಾದ ಮೇಲೆ ಆಳಂದದ ನಮ್ಮ ಮನೆಗೆ ಬಂದರು, ಸೀಟಿ ಸಮೇತ. ಅಂದಿನಿಂದ ನಮ್ಮಲ್ಲಿ ಬೆಳಗಾಗುವುದು ಕೋಳಿ ಕೂಗಿಗಲ್ಲ, ಅತ್ತೆಯ ಸೀಟಿಗೆ.

ಇಂಥವರಿಗೆ ಮೊಣಕಾಲು ಕೈಕೊಟ್ಟವು. ಕಲಬುರಗಿಯ ಡಾಕ್ಟರು ಎಕ್ಸ್‌ರೇ ಫೋಟೋ ಎತ್ತಿ ಹಿಡಿದು ನೋಡಿದರು. “ಟೀಚರ್, ಮೂರು ತಿಂಗಳು ನೀರಾಗ ನಡೀರಿ, ಈಜ್ರಿ. ಕಮ್ಮಿ ಆಗ್ಲಿಲ್ಲಂದ್ರ ಆಪರೇಷನ್” ಅಂದರು. ವಾಪಸು ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಅವರ ಅಣ್ಣನ ಮಗಳಾದ ನಾನು ಕೂತಿದ್ದೆ. ಆಳಂದ ಬಂತು ಅನ್ನುವಾಗ ಮೆಲ್ಲಗೆ ಅಂದರು: “ಮಂದಿ ಬಂದು ನನಗ ಹಾಸಿಗಿ ಮ್ಯಾಲಿಂದ ಎಬ್ಬಿಸೂದು, ಬಚ್ಚಲಕ್ಕ ಒಯ್ಯೂದು... ಅದೊಂದ್ ಬ್ಯಾಡ ಬೇ ನನಗ.” ಅತ್ತೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕಲಬುರಗಿಯ ಈಜುಕೊಳದಲ್ಲಿ ಹೆಂಗಸರಿಗೆಂದೇ ಬೆಳಿಗ್ಗೆ ಒಂದು ತಾಸು ಇದೆ. ಆದರೆ ಈಜುಡುಗೆ ಇಲ್ಲದೆ ನೀರಿಗೆ ಬಿಡುವುದಿಲ್ಲ. ಅತ್ತೆ ಬಿಟ್ಟಾರೆಯೇ? “ಸೀರೀ ಉಟ್ಟೇ ಭೀಮಾ ಹೊಳಿ ಈಜೀನಿ ನಾ!” ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಕೊಳದ ಕಾವಲಿಗಿದ್ದ ಹೆಣ್ಣುಮಗಳು ತಣ್ಣಗೆ, “ಹೊಳಿಗಿ ನೀರೆಳಿಯೂ ಮೋಟಾರ್ ಇಲ್ರಿ ಟೀಚರ್, ಇಲ್ಲಿ ಅದ. ಸೆರಗು ಎಳ್ಕೊಂಡ್ರ ನಾ ಏನ್ ಮಾಡ್ಲಿ?” ಅಂದಳು. ಅತ್ತೆಯನ್ನು ಸುಮ್ಮನಾಗಿಸಿದ ಮೊದಲ ವ್ಯಕ್ತಿ ಅವಳು. ನಾನು ಮನಸ್ಸಿನಲ್ಲೇ ಕೈಮುಗಿದೆ.

ಅಂಗಡಿಗಳಲ್ಲಿ ತೋರಿಸಿದ ಈಜುಡುಗೆಗಳನ್ನು ಅತ್ತೆ ಎರಡು ಬೆರಳಲ್ಲಿ ಎತ್ತಿ, “ಇದು ತೊಡೂದೋ, ಮಾರಿ ಒರಸೂದೋ?” ಎಂದು ಕೇಳಿ ಇಟ್ಟುಬಂದರು. ಕೊನೆಗೆ ನನ್ನ ಮೊಬೈಲಿನಲ್ಲಿ, ಯಾವ ಸಮುದ್ರದಾಚೆಯದೋ ಒಂದು ಅಂಗಡಿಯಲ್ಲಿ, ಅವರು ಬಯಸಿದ್ದು ಸಿಕ್ಕಿತು. ಮುಂಗೈವರೆಗೆ ತೋಳು, ಪಾದದ ಗಂಟಿನವರೆಗೆ ಚಲ್ಲಣ, ಮೇಲೊಂದು ಲಂಗ. ಕಪ್ಪು ಬಣ್ಣ, ಮಗ್ಗುಲಿಗೆ ನೀಲಿ ಪಟ್ಟಿ. ಅತ್ತೆಗೆ ಅದು ಸಮವಸ್ತ್ರದ ಹಾಗೆ ಕಂಡಿರಬೇಕು, ನೋಡಿದ ಕೂಡಲೇ ಒಪ್ಪಿದರು.

ಕೆಳಗೆ ಸೈಜಿನ ಪಟ್ಟಿ ಇತ್ತು. ಎಸ್, ಎಂ, ಎಲ್ ಆದಮೇಲೆ ಎಕ್ಸುಗಳ ಸಾಲು. ಮೂವತ್ತೈದು ವರ್ಷ ಆಟದ ಜೊತೆಗೆ ಪರೀಕ್ಷೆಯ ಪತ್ರಿಕೆಗಳನ್ನೂ ತಿದ್ದಿ, ತಪ್ಪು ಉತ್ತರಕ್ಕೆ ಕೆಂಪು ಎಕ್ಸ್ ಗುರುತು ಹಾಕಿದ ಅತ್ತೆ ಕನ್ನಡಕ ಏರಿಸಿದರು. “ಒಂದೇ ಅಂಗಿಗಿ ಮೂರ್ಮೂರು ತಪ್ಪು ಹಾಕ್ಯಾರಲ್ಲ ಬೇ! ಇದು ಪಾಸ್ ಹೆಂಗ ಆಯ್ತು?”

“ಅತ್ತಿ, ನಿಮ್ಮ ಅಳತಿ ಹೇಳ್ರಿ.”

“ಅಳತಿ ಜಂಪರ್ ಅದ, ಕಳಿಸಿಕೊಡು.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಬಹಳ ಹೆಂಗಸರು ಟೇಲರ್ ಮುಂದೆ ನಿಂತು ಅಳತೆ ಕೊಡುವುದಿಲ್ಲ. ಮೈಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಕೊಟ್ಟು ಬರುತ್ತಾರೆ. ಅದೇ ಅಳತೆ ಜಂಪರು. ಅತ್ತೆಯದು ಹಸಿರು ಬಣ್ಣದ್ದು. ಅತ್ತೆಯ ಅಳತೆ ಎಷ್ಟೆಂದು ಆ ಜಂಪರಿಗೆ ಗೊತ್ತಿತ್ತೇ ಹೊರತು ಅತ್ತೆಗೆ ಗೊತ್ತಿರಲಿಲ್ಲ.

ಪರದೇಶಕ್ಕೆ ಜಂಪರು ಕಳಿಸಲು ಆಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಅದನ್ನು ಇಸ್ತ್ರಿ ಮಾಡಿಸಿ, ಕಾಗದದಲ್ಲಿ ಸುತ್ತಿ, ನನ್ನನ್ನು ಎಳೆದುಕೊಂಡು ಅಂಚೆ ಕಚೇರಿಗೆ ಹೊರಟರು.

“ಒಳಗ ಏನದ ರೀ ಟೀಚರ್?” ಗುಮಾಸ್ತ ಕೇಳಿದ.

“ಅಳತಿ.”

“ಅಳತಿ ಅಂದ್ರ?”

“ಮನ್ಯಾಗ ನಿಮ್ಮ ಮನಿಯವ್ರಿಗಿ ಕೇಳ್ರಿ, ಹೇಳ್ತಾರ.”

ಪಾಪ, ಆತ ಪರದೇಶದ ಚೀಟಿಯ ಮೇಲೆ ಒಳಗಿನ ವಸ್ತುವಿನ ಹೆಸರು ಬರೆಯಲೇಬೇಕಂತೆ. “ಹಳೇ ಜಂಪರ್, ಒಂದು, ಅಂತ ಬರೀಲೇನ್ರಿ?” ಎಂದು ಇಡೀ ಕಚೇರಿಗೆ ಕೇಳುವಂತೆ ವಿಚಾರಿಸಿದ. ಅತ್ತೆ ಪೊಟ್ಟಣ ಕಸಿದುಕೊಂಡು ಹೊರಗೆ ಬಂದರು.

ಮನೆಗೆ ಬಂದವರೇ ಜಂಪರನ್ನು ಚಾಪೆಯ ಮೇಲೆ ಹರಡಿ, ಪಕ್ಕದಲ್ಲಿ ಸ್ಕೇಲು ಇಟ್ಟು, ಫೋಟೋ ತೆಗೆಸಿ ಅಂಗಡಿಯವನಿಗೆ ಕಳಿಸಿದರು. ಮರುದಿನ ಉತ್ತರ ಬಂತು. ಮೊಬೈಲು ಅದನ್ನು ತಾನೇ ಕನ್ನಡ ಮಾಡಿ ತೋರಿಸಿತು: “ಪ್ರಿಯೆ, ಇದು ನಮ್ಮ ಅಂಗಡಿಯ ಸರಕಲ್ಲ. ವಾಪಸು ಪಡೆಯಲು ಸಾಧ್ಯವಿಲ್ಲ.”

ಜಂಪರಿನ ವಿಷಯ ಅತ್ತೆ ಮರೆತೇಬಿಟ್ಟರು. “ಪ್ರಿಯೆ? ಮೂವತ್ತೈದು ವರ್ಷದ ಸರ್ವಿಸ್‌ನ್ಯಾಗ ಒಬ್ಬ ಹೆಡ್‌ಮಾಸ್ತರ್ ಧೈರ್ಯ ಮಾಡ್ಲಿಲ್ಲ, ಇಂವ ಯಾವಂವ ಬೇ?”

ನಮ್ಮ ಓಣಿಯಲ್ಲಿ ಹೆಣ್ಣು ಟೇಲರ್ ಒಬ್ಬಳಿದ್ದಾಳೆ. ಆದರೆ ಅವಳು ಅತ್ತೆಯ ಹಳೆಯ ಶಿಷ್ಯೆ. “ಅಕೀಗಿ ಮೈದಾನ ಸುತ್ತ ಓಡ್ಸೀನಿ ನಾ. ಈಗ ಅಕಿ ನನ್ನ ಸುತ್ತ ಟೇಪ್ ಹಾಕ್ಬೇಕಾ? ಆಗೂದಿಲ್ಲ!” ಎಂದರು. ಅವಳಿಂದ ಟೇಪು ಮಾತ್ರ ತರಿಸಿಕೊಂಡು, ಕೋಣೆಯ ಬಾಗಿಲು ಹಾಕಿಕೊಂಡು, ಒಳಗಿನಿಂದಲೇ ಒಂದೊಂದು ಅಳತೆ ಕೂಗಿ ಹೇಳಿದರು. ನಾನು ಆರ್ಡರ್ ಮಾಡಿದೆ.

ಮೂರು ವಾರಕ್ಕೆ ಉಡುಗೆ ಬಂತು. ಅತ್ತೆ ಒಳಗೆ ಹೋದರು. ಆಮೇಲೆ ಸೀಟಿ ಕೇಳಿತು. ಓಡಿಹೋಗಿ ನೋಡಿದರೆ ಎದೆ ಮುಂದೆ, ಹೊಟ್ಟೆ ಹಿಂದೆ, ಕೈ ತೊಡೆಗೆ ಅಂಟಿಸಿ ಅತ್ತೆ ಡ್ರಿಲ್ಲಿನ ಸಾವಧಾನ್ ನಿಂತಿದ್ದಾರೆ.

“ಬರೋಬರಿ ಆಗ್ಯಾದಲ್ಲ?” ಗಂಟಲಲ್ಲೇ ಕೇಳಿದರು.

“ಉಸಿರು ಬಿಡ್ರಿ ಅತ್ತಿ.”

“ಬಿಡಂಗಿಲ್ಲ.”

ಎಷ್ಟು ಹೊತ್ತು ಹಿಡಿದಾರು? ಉಸಿರು ಬಿಟ್ಟರು, ಬೆನ್ನಿನ ಚೈನು ಮೇಲಿನಿಂದ ಕೆಳಗಿನವರೆಗೆ ಬಿಚ್ಚಿಕೊಂಡಿತು. ಆಗ ತಿಳಿಯಿತು, ಪುಣ್ಯಾತ್ಗಿತ್ತಿ ಅಳತೆ ತೆಗೆದುಕೊಂಡದ್ದೂ ಸಾವಧಾನ್‌ನಲ್ಲೇ! ಸೋಲು ಒಪ್ಪುವ ಜಾತಿಯೇ ಅದು? “ನೀರಾಗ ಹೆಂಗೂ ಉಸಿರು ಹಿಡೀಬೇಕಲ್ಲ ಬೇ, ನಡೀತದ” ಅಂದರು.

ನಡೆಯಲಿಲ್ಲ. ಸಿಟ್ಟಿನಲ್ಲಿ ಅತಿ ದೊಡ್ಡ ಸೈಜು ತರಿಸಿದರು. ಅದು ಬಂದಾಗ ಅತ್ತೆಯೂ ನಾನೂ ಕೂಡಿಯೇ ಒಳಹೊಕ್ಕು ಖೋಖೋ ಆಡಬಹುದಿತ್ತು. ಗಾಳಿಗೆಂದು ಹಗ್ಗದ ಮೇಲೆ ಹಾಕಿದ್ದನ್ನು ಪಕ್ಕದ ಮನೆಯವರು ನೋಡಿ, “ಟ್ರ್ಯಾಕ್ಟರಿಗಿ ಹೊಚ್ಚಾಕ ತಾಡಪತ್ರಿ ತರ್ಸೀರೇನ್ರಿ? ಛಲೋ ಅದ” ಅಂದರು.

ಆ ದಿನ ನಾನು ನಕ್ಕೆ, ಅತ್ತೆ ನಗಲಿಲ್ಲ. ಡಾಕ್ಟರು ಕೊಟ್ಟ ಮೂರು ತಿಂಗಳಲ್ಲಿ ಎರಡು ಹೀಗೇ ಕಳೆದಿದ್ದವು. ಅಂಗಳದ ಎರಡು ಮೆಟ್ಟಿಲಿಳಿಯಲು ಅವರಿಗೆ ಗೋಡೆ ಬೇಕಾಗಿತ್ತು. ಬೆಳಗಿನ ಸೀಟಿಯೂ ಈಗ ಹಾಸಿಗೆಯಿಂದಲೇ ಕೇಳುತ್ತಿತ್ತು.

“ಇನ್ನ ಸಾಕ್ರಿ ಅತ್ತಿ. ನಾ ಅಳೀತೇನಿ, ನಿಂದರ್ರಿ” ಎಂದು ಟೇಪು ತಂದೆ. ಆಶ್ಚರ್ಯವೆಂದರೆ, ಅವರು ಎದುರಾಡದೆ ಕಿಟಕಿಯ ಸರಳು ಹಿಡಿದು ಎದ್ದು ನಿಂತರು.

ಟೇಪನ್ನು ಬೆನ್ನಿನ ಹಿಂದೆ ದಾಟಿಸಬೇಕಾದರೆ ಎರಡೂ ಕೈಗಳಿಂದ ಅವರನ್ನು ಬಳಸಲೇಬೇಕಲ್ಲ? ಬಳಸಿದೆ. ಮೈ ಕಟ್ಟಿಗೆಯಾಯಿತು; ಮತ್ತೆ ಅದೇ ಸಾವಧಾನ್! “ಅತ್ತಿ, ವಿಶ್ರಾಮ್” ಅಂದೆ. ಮೆಲ್ಲಗೆ ಉಸಿರು ಬಿಟ್ಟರು. ಮೈಯ ಭಾರವೆಲ್ಲ ನನ್ನ ತೋಳಿಗೆ ಬಂತು, ಹಣೆ ನನ್ನ ಹೆಗಲಿಗೆ ತಾಗಿತು. ಆಗ ನೆನಪು ಮಾಡಿಕೊಂಡೆ: ನಮ್ಮ ಮನೆಯಲ್ಲಿ ಯಾರಾದರೂ ಅತ್ತೆಯನ್ನು ತಬ್ಬಿಕೊಂಡದ್ದುಂಟೇ? ಇಲ್ಲ. ನಾವೆಲ್ಲ ಅವರ ಕಾಲು ಮುಟ್ಟಿದವರು, ಅಷ್ಟೇ.

ನಾನು ಇಂಚು ಓದಿ ಬರೆದುಕೊಂಡೆ. ಅವರು ಸರಿಯಲಿಲ್ಲ.

“ಇನ್ನೊಮ್ಮಿ ನೋಡು ಬೇ,” ಹೆಗಲ ಮೇಲಿಂದಲೇ ಅಂದರು, “ತಪ್ಪಿರತಾದ.”

ಇನ್ನೊಮ್ಮೆ ಅಳೆದೆ. ಅಷ್ಟೇ ಇತ್ತು.

ಮೂರನೆಯ ಉಡುಗೆ ಬರೋಬರಿ ಕೂತಿತು. ಅತ್ತೆ ಈಗ ವಾರಕ್ಕೆ ಮೂರು ದಿನ ಮೊದಲ ಬಸ್ಸಿಗೆ ಕಲಬುರಗಿಗೆ ಹೋಗುತ್ತಾರೆ. ಎದೆಮಟ್ಟ ನೀರಿನಲ್ಲಿ ತಾವು ನಡೆಯುವುದಲ್ಲದೆ ಉಳಿದ ಹೆಂಗಸರನ್ನೂ ಸಾಲಾಗಿ ನಡೆಸುತ್ತಾರಂತೆ. ಆಪರೇಷನ್ ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ್ದಾರೆ.

ತಿಂಗಳಿಗೊಮ್ಮೆ ಅತ್ತೆ ಟೇಪು ಹಿಡಿದು ನನ್ನ ಮುಂದೆ ಬಂದು ನಿಲ್ಲುತ್ತಾರೆ. “ಸಣ್ಣಾಗೀನೇನ್ ನೋಡು” ಅನ್ನುತ್ತಾರೆ. ಈ ಉಡುಗೆ ಇನ್ನೂ ಎರಡು ವರ್ಷ ಬಾಳುತ್ತದೆ, ಹೊಸ ಅಳತೆಯ ಅಗತ್ಯವಿಲ್ಲ. ಅದು ಇಬ್ಬರಿಗೂ ಗೊತ್ತು. ನಾನು ಕೈಚಾಚಿ ಅವರ ಸುತ್ತ ಟೇಪು ಬಳಸುತ್ತೇನೆ. ಓದಿ ಹೇಳುವವರೆಗೆ ಅವರು ಹಾಗೇ ಒರಗಿ ನಿಂತಿರುತ್ತಾರೆ. ನಾನೂ ಬೇಗ ಓದುವುದಿಲ್ಲ.