ಮೂರೂ ಹತ್ತರ ರೀಡಿಂಗು

ಓಬುಲೇಶ ಅವತ್ತು ಬೆಳಿಗ್ಗೆ ಬಿಪಿ ಮಿಷನ್ನಿನ ತಪ್ಪು ಗುಂಡಿ ಒತ್ತಿದ. ತೊಂದರೆ ಶುರುವಾದದ್ದು ಅಲ್ಲಿಂದ.

ಅವನಿಗೆ ಬಿಪಿ ಬಂದು ಎರಡು ವರ್ಷ. ಅದಕ್ಕೂ ಮೊದಲಿನಿಂದ ಇದ್ದದ್ದು ಹೆದರಿಕೆ. ಬಿಪಿ ಏರಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಎದೆ ಹೊಡೆದುಕೊಂಡರೆ ಬಿಪಿ ಏರುತ್ತಿತ್ತು. ಎರಡೂ ಸೇರಿ ಅವನನ್ನು ರಾಯದುರ್ಗದ ಆಸ್ಪತ್ರೆಗೂ ಮನೆಗೂ ಚೆಂಡಿನಂತೆ ಎಸೆದಾಡುತ್ತಿದ್ದವು. ಪಕ್ಕದ ಮನೆಯ ವೆಂಕಟಪ್ಪ, ಬಸ್ ಕಂಡಕ್ಟರಾಗಿ ರಿಟೈರಾಗಿದ್ದವರು, ತೀರಿಕೊಂಡ ತಿಂಗಳಿಗೆ ಅವರ ಹೆಂಡತಿ ಲಕ್ಷ್ಮಕ್ಕ ಗಂಡನ ಮಿಷನ್ನು ತಂದುಕೊಟ್ಟಿದ್ದಳು. ಅಂದಿನಿಂದ ಓಬುಲೇಶ ಹಲ್ಲುಜ್ಜುವ ಮೊದಲೊಮ್ಮೆ, ಉಜ್ಜಿದ ಮೇಲೊಮ್ಮೆ ನೋಡಿಕೊಳ್ಳುತ್ತಿದ್ದ.

ಅವನು ಒತ್ತಿದ್ದು ಹಳೆಯ ರೀಡಿಂಗುಗಳನ್ನು ತೋರಿಸುವ ಗುಂಡಿ. ಮೊನ್ನೆ, ಮಧ್ಯಾಹ್ನ ಮೂರೂ ಹತ್ತು: 196/112.

ಮೊನ್ನೆ ಆ ಹೊತ್ತಿಗೆ ಅವನು ಆಫೀಸಿನಲ್ಲಿದ್ದ. ಹೆಂಡತಿ ಮಂಜುಳ ಅಂಗನವಾಡಿಯಲ್ಲಿದ್ದಳು. ಮನೆಗೆ ಬೀಗ. ಮತ್ತೆ ಒತ್ತಿದ. ದಿನ ಬಿಟ್ಟು ದಿನ, ಮೂರೂ ಹತ್ತರ ಆಸುಪಾಸಿನಲ್ಲಿ, 192, 198, 190.

ಓಬುಲೇಶ ಮಿಷನ್ನನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದ. ವೆಂಕಟಪ್ಪ ಊಟ ಮಾಡಿ ಕುರ್ಚಿಯಲ್ಲಿ ಕೂತವರು ಹಾಗೇ ಹೋಗಿದ್ದೂ ಮಧ್ಯಾಹ್ನ ಮೂರರ ಹೊತ್ತಿಗೆ.

ಆಫೀಸಿನಲ್ಲಿ ಪಕ್ಕದ ಮೇಜಿನ ಶಿವಶಂಕರನಿಗೆ ಹೇಳಿದ. ಶಿವಶಂಕರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಸತ್ತೋರ ಬಿಪಿ ಸೊನ್ನಿ ಇರ್ಬೇಕಲ್ರಿ. ಇಷ್ಟ್ಯಾಕ ಏರೈತಿ?"

"ಅದನ್ನ ನಾನು ಕೇಳಾಕತ್ತೀನಿ."

"ಹೋದ ಮ್ಯಾಲ ಗುಳಿಗಿ ಬಿಟ್ಟಾರ, ಮತ್ತೇನು. ಅಲ್ಲಿ ಯಾರು ಕೊಡ್ತಾರ." ಶಿವಶಂಕರ ನಗಲಿಲ್ಲ. "ಇವತ್ತೂ ಬರೋ ದಿನ ಐತಿ ನೋಡ್ರಿ. ಅರ್ಧ ದಿನ ರಜಾ ಹಾಕಿ ಮನಿಯಾಗ ಕುಂದರ್ರಿ. ಹೋಗೋ ಮುಂದ ನಿಂಬಿಹಣ್ಣು ಇಟ್ಕೊಳ್ರಿ."

ನಿಂಬೆಹಣ್ಣು ಕೊಳ್ಳುವಾಗ ಅಂಗಡಿಯವನು, "ಒಂದ ಸಾಕೇನ್ರಿ?" ಎಂದು ಕೇಳಿದ. ಆ ಮಾತಿಗೇ ಓಬುಲೇಶ ಮೂರು ಕೊಂಡ.

ಎರಡೂವರೆಗೆ ಮನೆ ಸೇರಿ, ಮುಂದಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ಮಲಗುವ ಕೋಣೆಯಲ್ಲಿ ಬೀರುವಿನ ಸಂದಿಗೆ ಸರಿದು ಕೂತ. ಡಾಕ್ಟರು ಕಲಿಸಿದಂತೆ ನಾಲ್ಕೆಣಿಸಿ ಉಸಿರೆಳೆದುಕೊಂಡ, ಆರೆಣಿಸಿ ಬಿಟ್ಟ. ಎಣಿಕೆ ಮಧ್ಯೆ ಮಧ್ಯೆ ತಪ್ಪುತ್ತಿತ್ತು. ಓಣಿಯಲ್ಲಿ ಒಂದು ನಾಯಿಯ ಸದ್ದೂ ಇರಲಿಲ್ಲ. ಬಿಸಿಲು ಕಿಟಕಿಯಲ್ಲಿ ಅಲುಗದೆ ನಿಂತಿತ್ತು.

ಮೂರಕ್ಕೆ ಹಿತ್ತಿಲ ಕಡೆ ಬೀಗ ಟಕ್ಕೆಂದಿತು. ಎಲ್ಲೋ ನೀರು ಬೀಳುವ ಸದ್ದು, ಬಹಳ ಹೊತ್ತು. ಆಮೇಲೆ ಬರಿಗಾಲ ಹೆಜ್ಜೆ ನಡುಮನೆಗೆ ಬಂತು. ಕುರ್ಚಿ ಕಿರುಗುಟ್ಟಿತು. ಮಿಷನ್ನು ಗುಂಯ್ ಎನ್ನತೊಡಗಿತು.

"ಹಿಡ್ಕೊಳ್ರಿ," ಎಂದಿತು ಮೆಲ್ಲನೆ ಒಂದು ದನಿ. "ಇನ್ನೂ ಬಿಗಿಯಾಗಿ."

ಓಬುಲೇಶ ಏಳಲು ಹೋಗಿ ಬೀರುವಿನ ಮೇಲಿದ್ದ ಕೊಡ ಉರುಳಿಸಿದ. ಸದ್ದು ಇಡೀ ಮನೆ ಸುತ್ತಿ ಬಂತು.

"ಬಂದ್ರ್ಯಾ?" ಎಂದಿತು ದನಿ. ಅದರಲ್ಲಿ ಹೆದರಿಕೆಯೇ ಇರಲಿಲ್ಲ.

ಅವನು ಬಾಗಿಲ ಸಂದಿಯಿಂದ ಇಣುಕಿದ. ಕುರ್ಚಿಯಲ್ಲಿ ಲಕ್ಷ್ಮಕ್ಕ, ರಟ್ಟೆಗೆ ಮಿಷನ್ನಿನ ಪಟ್ಟಿ ಸುತ್ತಿಕೊಂಡು ಕೂತಿದ್ದಳು.

"ನಾನು, ಲಕ್ಷ್ಮಕ್ಕ. ಓಬುಲೇಶ."

"ನೀನಾ," ಎಂದಳು ಅವಳು. ಮುಖ ಸಣ್ಣದಾಯಿತು.

ದಿನ ಬಿಟ್ಟು ದಿನ ಮೂರಕ್ಕೆ ನಲ್ಲಿ ನೀರು ಬರುತ್ತದೆ, ಡ್ರಮ್ಮು ತುಂಬಿಸಲಿಕ್ಕೆ ಮಂಜುಳ ಹಿತ್ತಿಲ ಕೀ ಕೊಟ್ಟಿದ್ದಾಳೆ, ಎಂದು ಲಕ್ಷ್ಮಕ್ಕ ಹೇಳಿದಳು. "ನಿನಗ ಹೇಳಬ್ಯಾಡ ಅಂದಾಳಪ್ಪ. ಕೀ ಹೊರಗೈತಿ ಅಂತ ಗೊತ್ತಾದ್ರ ಕಳ್ಳರು, ಕಳ್ಳರು ಅಂತ ಬಿಪಿ ಏರಿಸ್ಕೊಳ್ತೀಯಂತ."

"ಮತ್ತ ಇದನ್ನ ಯಾಕ ಹಾಕ್ಕೊಂಡೀರಿ?"

ಲಕ್ಷ್ಮಕ್ಕ ಪಟ್ಟಿ ಸವರಿದಳು. "ಬಸ್ ಹತ್ತೋ ಮುಂದ ಅವರು ನನ್ನ ರಟ್ಟಿ ಹಿಂಗ ಹಿಡೀತಿದ್ರು. ಇದು ಉಬ್ಬಿ ಹಿಡ್ಕೊಂಡ್ರ ಅವರ ಕೈ ಅನ್ನಿಸ್ತೈತಿ. ಅಂಕಿ ಗಿಂಕಿ ನನಗ ತಿಳಿಯಂಗಿಲ್ಲ."

ಓಬುಲೇಶ ಬಗ್ಗಿ ನೋಡಿದ. 196/114. ತನ್ನ ಹೆದರಿಕೆಯನ್ನು ಅಲ್ಲೇ ಬಿಟ್ಟು ಓಡಿಹೋಗಿ ಆಟೋ ಕರೆತಂದ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಸಿಜಿ ತೆಗೆಸಿ, ಗುಳಿಗೆ ಬರೆದರು. "ಇನ್ನೊಂದಿಷ್ಟು ದಿನ ಬಿಟ್ಟಿದ್ರ ಲಕ್ವಾ ಹೊಡೀತಿತ್ತು ಅಮ್ಮ." ಆಮೇಲೆ ಓಬುಲೇಶನ ಕಡೆ ತಿರುಗಿದರು. "ಮಿಷನ್ನು ಇವರ ಮನಿಯಾಗಿರ್ಲಿ. ದಿನಾ ಒಮ್ಮಿ ನೀವೇ ನೋಡಿ ಬರೀರಿ. ನಿಮ್ಮದು ವಾರಕ್ಕೊಮ್ಮಿ ನೋಡಿದ್ರ ಸಾಕು. ನೋಡಿ ನೋಡಿನೇ ಅದನ್ನ ಏರಿಸ್ಕೊಂಡೀರಿ."

ಮೂರು ವಾರ ಓಬುಲೇಶ ಸಂಜೆ ಆಫೀಸಿನಿಂದ ಬಂದವನೇ ಲಕ್ಷ್ಮಕ್ಕನ ಮನೆಗೆ ಹೋದ. 196 ಇದ್ದದ್ದು 160ಕ್ಕೆ ಬಂತು, 140ಕ್ಕೆ ಬಂತು, ಕಡೆಗೆ 128. ತನ್ನ ಬಿಪಿ ಮರೆತು ಅವನು ರಾತ್ರಿ ಗಾಢವಾಗಿ ನಿದ್ದೆ ಹೋಗುತ್ತಿದ್ದ.

"ಪಾಸಾದ್ರಿ ಲಕ್ಷ್ಮಕ್ಕ," ಎಂದ.

ಅವಳ ಕಣ್ಣು ತುಂಬಿತು. "ಮೊದಲು ಎಷ್ಟು ಬಿಗಿಯಾಗಿ, ಎಷ್ಟೊತ್ತು ಹಿಡೀತಿದ್ರು. ಈಗ ಹಿಂಗ ಮುಟ್ಟಿ ಹಂಗ ಬಿಡ್ತಾರ. ದೂರ ಹೊಂಟಾರ, ಓಬುಲೇಶ."

ಬಿಪಿ ಹೆಚ್ಚಿದ್ದರೆ ಪಟ್ಟಿ ಹೆಚ್ಚು ಉಬ್ಬುತ್ತದೆ, ಅಷ್ಟೇ, ಎಂದು ಅವನು ತಿಳಿಸಿ ಹೇಳಿದ. ಅವಳು ಅದನ್ನು ಬಹಳ ಗಮನವಿಟ್ಟು ಕೇಳಿದಳು.

ಹಾಗೆ ಹೇಳಿದ್ದೇ ತಪ್ಪಾಯಿತು. ಎರಡು ದಿನಕ್ಕೆ 158. ನಾಲ್ಕು ದಿನಕ್ಕೆ 184. ಐದನೆಯ ಸಂಜೆ ಅವನು ಹೋದಾಗ ಲಕ್ಷ್ಮಕ್ಕ ಗಂಡನ ಕುರ್ಚಿಯಲ್ಲಿ ಹಾಯಾಗಿ ಒರಗಿದ್ದಳು. ಗುಳಿಗೆಯ ಹೊಸ ಶೀಟು ಒಡೆಯದೆ ಹಾಗೇ ಇತ್ತು.

"ಗುಳಿಗಿ ಬಿಟ್ಟೀರೇನು?"

"ಹೌದಪ್ಪ. ಇವತ್ತು ಚೆಂದ ಹಿಡಿದಾರ."

ಓಬುಲೇಶನ ಕಿವಿಯಲ್ಲಿ ಗುಂಯ್ ಎಂದಿತು. ಎದೆ ಹಳೆಯ ಓಟಕ್ಕೆ ಬಿತ್ತು. "ಆ ಪಟ್ಟಿ ಬಿಚ್ಚಿ ಕೊಡ್ರಿ, ನಂದೊಂದು ಸಲ ನೋಡ್ಕೊಳ್ತೀನಿ," ಎಂದು ಕೈಚಾಚಿದ.

ಲಕ್ಷ್ಮಕ್ಕ ಇನ್ನೊಂದು ಕೈಯಿಂದ ರಟ್ಟೆ ಮುಚ್ಚಿಕೊಂಡಳು. "ಸ್ವಲ್ಪ ತಡಿ. ಇನ್ನೂ ಬಿಟ್ಟಿಲ್ಲ ಅವರು."

ಅವನು ಮಿಷನ್ನಿನ ಕಡೆ ನೋಡಿದ. ಅದು ಮೂಲೆಯ ಗೂಡಿನಲ್ಲಿತ್ತು, ಆರಿಹೋಗಿತ್ತು. ಪಟ್ಟಿಯ ಕೊಳವೆ ಅದಕ್ಕೆ ಸಿಕ್ಕಿಸಿರಲೇ ಇಲ್ಲ. ಅವಳ ಬೆರಳುಗಳ ಕೆಳಗೆ ಪಟ್ಟಿ ಮಾತ್ರ ಮೆಲ್ಲಗೆ ಉಬ್ಬುತ್ತಿತ್ತು.